ಅಳಿಸಿದ ಹೆಸರಿನ ಹಲಗೆ

ಬಾಗಿಲು ಹಾಕಿದ್ದೀರಾ? ಹಾಕಿ. ಚಿಲಕವೂ ಇರಲಿ.

ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಉಳಿಯಣ್ಣ ಅಂತ ಎಲ್ಲರೂ ಕರೆಯುತ್ತಿದ್ದರು, ಕೈಯಲ್ಲಿ ಸದಾ ಉಳಿ ಇರುತ್ತಿತ್ತಲ್ಲ, ಅದಕ್ಕೆ. ಲೋಹದ ಮೇಲೆ ಹೆಸರು ಕೊರೆಯುವುದು ಅವನ ಕೆಲಸ. ಆಟದಲ್ಲಿ ಗೆದ್ದವರ ಕಪ್ಪು, ಬಾಗಿಲ ಮೇಲಿನ ಹಿತ್ತಾಳೆ ಫಲಕ, ಕೈಗಡಿಯಾರದ ಬೆನ್ನು, ಏನು ಕೊಟ್ಟರೂ ಕೊರೆದು ಕೊಡುತ್ತಿದ್ದ. ಅಕ್ಕಿಕಾಳಿನಷ್ಟು ಅಕ್ಷರ, ಆದರೂ ಮುದುಕರು ಕನ್ನಡಕವಿಲ್ಲದೆ ಓದಬೇಕು, ಅಂಥ ಕೈ. ಅವನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕುಡಿಯುವವನಲ್ಲ, ಕನಸು ಕಾಣುವವನಲ್ಲ, ಸುಳ್ಳು ಕಟ್ಟಿ ಹೇಳಲು ಬೇಕಾದಷ್ಟು ಬುದ್ಧಿಯೂ ಅವನಿಗೆ ಇರಲಿಲ್ಲ.

ಆ ರಾತ್ರಿ ಅವನು ಅಂಗಡಿ ಮುಚ್ಚಿದಾಗ ಹನ್ನೊಂದು ದಾಟಿತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಮನೆಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಬಾವಿ. ಅದರಿಂದ ನೀರು ಸೇದುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಹಗ್ಗವೂ ಇರಲಿಲ್ಲ. ಕಬ್ಬಿಣದ ರಾಟೆ ಮಾತ್ರ ತುಕ್ಕು ಹಿಡಿದು ಮೇಲೆ ಕೂತಿತ್ತು.

ಬಾವಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗ... ಹಿಂದಿನಿಂದ ಬೂಟಿನ ಸದ್ದು.

ಟಕ್... ಟಕ್-ಕಿಣ್. ಟಕ್... ಟಕ್-ಕಿಣ್.

ಒಂದು ಬೂಟಿನ ಹಿಮ್ಮಡಿಯ ಲಾಳ ಸಡಿಲಾಗಿದೆ. ಲೋಹದ ಕೆಲಸದವನಲ್ಲವೇ, ಅವನ ಕಿವಿಗೆ ಮೊದಲು ಬಿದ್ದದ್ದು ಅದೇ. ನಿಂತ. ಸದ್ದೂ ನಿಂತಿತು. ತಿರುಗಿ ನೋಡಿದ. ಬೀದಿ ದೀಪದ ಕೆಳಗೆ ಯಾರೂ ಇಲ್ಲ. ಮತ್ತೆ ನಡೆದ... ಟಕ್... ಟಕ್-ಕಿಣ್.

ಬಾವಿಯ ಪಕ್ಕಕ್ಕೆ ಬಂದಾಗ ಹಗ್ಗವಿಲ್ಲದ ರಾಟೆ ತಿರುಗಿತು. ಕ್ರೀಂ...ಯ್ಕ್. ಅರ್ಧ ಸುತ್ತು. ಅಷ್ಟೇ.

ಆಮೇಲೆ ಕಿವಿಯ ಹತ್ತಿರ ಒಂದು ಪಿಸುಮಾತು.

"ನಂದು ಎಲ್ಲಿಟ್ಟೆ?"

"ಯಾ... ಯಾರು? ಏನು?"

"ಹೆಸರು."

ಉಳಿಯಣ್ಣ ಕಾಲಿಗೆ ಬುದ್ಧಿ ಹೇಳಿದ. ಮನೆ ಬಾಗಿಲು ಬಡಿದ ರಭಸಕ್ಕೆ ಹೆಂಡತಿ ಕಳ್ಳರು ಬಂದರೆಂದು ಲಟ್ಟಣಿಗೆ ಹಿಡಿದೇ ಬಾಗಿಲು ತೆಗೆದಳು. ಇವನು ಒಳಗೆ ಬಂದವನೇ ಕೈ ತೊಳೆಯಲು ಕೂತ. ತೊಳೆದ, ತೊಳೆದ, ಉಜ್ಜಿ ಉಜ್ಜಿ ತೊಳೆದ. ಬಲಗೈ ಬೆರಳಿನ ಸಂದಿಯಲ್ಲಿ, ಲೋಹ ಉಜ್ಜುವ ಅರದ ಪುಡಿ ಹೊಳೆಯುತ್ತಲೇ ಇತ್ತು.

ಯಾವ ಹೆಸರು ಅಂತ ಅವನಿಗೆ ಗೊತ್ತಿತ್ತು. ಅದೇ ಸಂಜೆ ಅದನ್ನು ತನ್ನ ಕೈಯಾರೆ ಅರ ಹಾಕಿ ಉಜ್ಜಿ ಅಳಿಸಿದ್ದ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆ ಹೆಸರನ್ನು ಮಾತ್ರ ನಾನು ಹೇಳುವುದಿಲ್ಲ. ಈ ಹೊತ್ತಲ್ಲಿ ಬೇಡ. ದೊಡ್ಡವನು ಅಂತಲೇ ಹೇಳುತ್ತೇನೆ.

ಒಂದು ಮನೆ, ಇಬ್ಬರು ಅಣ್ಣತಮ್ಮಂದಿರು. ಮೂವತ್ತು ವರ್ಷದ ಹಿಂದೆ ಇಬ್ಬರೂ ಒಟ್ಟಿಗೆ ಯುದ್ಧಕ್ಕೆ ಹೋದರು. ವಾಪಸ್ ಬಂದದ್ದು ತಮ್ಮ ಒಬ್ಬನೇ. ತೊಡೆಗೆ ಗುಂಡು ಬಿದ್ದು ಮೂಳೆ ಮುರಿದಿತ್ತು. ಡಾಕ್ಟರು ಉಕ್ಕಿನ ಪಟ್ಟಿ ಇಟ್ಟು ಆರು ತಿರುಪು ಹಾಕಿ ಬಿಗಿದಿದ್ದರು. ಅಣ್ಣ ಎಲ್ಲಿ ಅಂತ ಕೇಳಿದವರಿಗೆಲ್ಲ ಅವನು ಒಂದೇ ಮಾತು ಹೇಳಿದ. "ಬಂದೂಕು ಬಿಸಾಕಿ ಓಡಿಹೋದ. ನನ್ನ ಕಣ್ಣೆದುರಿಗೇ." ಕಂಡವನು ಇವನೊಬ್ಬ. ಇನ್ನು ಯಾರನ್ನು ಕೇಳುವುದು? ಊರು ನಂಬಿತು.

ತಮ್ಮ ಬೆಳೆದ. ಯುದ್ಧಕ್ಕೆ ಹೋಗಿ ಬಂದವರ ಸಂಘಕ್ಕೆ ಕಾರ್ಯದರ್ಶಿಯಾದ. ಎಲ್ಲರೂ ಅವನನ್ನು ಕ್ಯಾಪ್ಟನ್ ಅಂತ ಕರೆಯುತ್ತಿದ್ದರು. ಅವನು ಯಾವತ್ತೂ ಕ್ಯಾಪ್ಟನ್ ಆಗಿರಲಿಲ್ಲ, ಆದರೆ ಕರೆದವರನ್ನು ತಿದ್ದಲೂ ಇಲ್ಲ. ಸಂಘದ ಸಭೆ ನಡೆಯುವ ಹಾಲಿನಲ್ಲಿ ತನ್ನ ತೊಡೆಯ ಎಕ್ಸ್‌ರೇ ಚಿತ್ರಕ್ಕೆ ಕಟ್ಟು ಹಾಕಿಸಿ ನೇತುಹಾಕಿದ್ದ. ಬೇರೆಯವರು ಮಕ್ಕಳ ಫೋಟೋ ತೋರಿಸಿದ ಹಾಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದ. ಬೆಳ್ಳಗೆ ಒಂದು ಪಟ್ಟಿ, ಆರು ತಿರುಪು.

ದೊಡ್ಡವನ ಹೆಂಡತಿಗೆ ಆಗ ಇಪ್ಪತ್ತೆರಡು. ಅದೇ ಮನೆಯ ಹಿಂದಿನ ಕೋಣೆಯಲ್ಲಿ ಉಳಿದಳು. ಸಂಘದ ಮೇಜುಬಟ್ಟೆ, ಪರದೆ ಒಗೆದು ಇಸ್ತ್ರಿ ಮಾಡಿಕೊಡುವುದು ಅವಳ ಪಾಲಿಗೆ ಬಂದ ಕೆಲಸ. ಎದುರಿಗೆ ಎಲ್ಲರೂ ಅಕ್ಕ ಅನ್ನುತ್ತಿದ್ದರು, ಹಿಂದಿನಿಂದ ಓಡಿಹೋದವನ ಹೆಂಡತಿ. ಮೂವತ್ತು ವರ್ಷ ಆ ಮಾತು ಅವಳ ಬೆನ್ನಿಗೇ ಇತ್ತು. ಗಂಡನ ನೆನಪಿಗೆ ಅವಳ ಹತ್ತಿರ ಇದ್ದದ್ದು ಮೂರು ವಸ್ತು. ಒಂದು ಸೀಟಿ, ಗಡ್ಡ ಮಾಡಿಕೊಳ್ಳುವ ಕನ್ನಡಿ, ಮುಚ್ಚಳ ಇರುವ ಊಟದ ಡಬ್ಬಿ. ಆ ಮುಚ್ಚಳದ ಮೇಲೆ ಅವನೇ ಮೊಳೆಯಿಂದ ಗೀಚಿದ್ದ ಅವನ ಸೈನ್ಯದ ನಂಬರು. ನಾಲ್ಕು, ಒಂದು, ಏಳು, ಏಳು, ಎರಡು.

ಎರಡು ಮೂರು ವರ್ಷಕ್ಕೊಮ್ಮೆ ಅವಳು ಆ ಮುಚ್ಚಳ ಹಿಡಿದು ಉಳಿಯಣ್ಣನ ಹತ್ತಿರ ಬರುತ್ತಿದ್ದಳು.

"ಸವೆದು ಹೋಗ್ತಾ ಇದೆ ಕಣಪ್ಪಾ. ಸ್ವಲ್ಪ ಆಳ ಮಾಡಿಕೊಡು."

"ನೀವು ದಿನಾ ಉಜ್ಜಿದ್ರೆ ಸವೆಯದೆ ಏನಾಗತ್ತೆ ಅಕ್ಕಾ?"

"ಉಜ್ಜಲ್ಲಪ್ಪಾ. ಮುಟ್ಟಿ ನೋಡ್ತೀನಿ."

ಅವಳಿಗೆ ಓದು ಬರುತ್ತಿರಲಿಲ್ಲ. ಆ ಐದು ಅಂಕಿ ಮಾತ್ರ ಹೆಬ್ಬೆರಳಲ್ಲಿ ಮುಟ್ಟಿ ಓದುತ್ತಿದ್ದಳು. ಉಳಿಯಣ್ಣ ಅದಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವನ ತಲೆಯಲ್ಲೂ ಆ ನಂಬರು ಕೂತುಬಿಟ್ಟಿತ್ತು.

ಇನ್ನು ಅವನ ಅಂಗಡಿ. ಸಂಘದ ಕಟ್ಟಡದ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಒಳಗೋಡೆಯಲ್ಲಿ ಒಂದು ಹಿತ್ತಾಳೆ ಹಲಗೆ. ಅದು ಅವನಿಗೆ ಕೆಲಸ ಕಲಿಸಿದ ಸೋದರಮಾವನ ಕಾಲದ್ದು. ಹೆಸರು ಕೊರೆಯುವವರಿಗೆ ಅಳಿಸುವ ಕೆಲಸವೂ ಬರುತ್ತದೆ, ಗೊತ್ತಲ್ಲ? ಮಾರಿದ ಗಡಿಯಾರ, ಹೋದ ವರ್ಷದ ಕಪ್ಪು, ಮನೆ ಬದಲಾಯಿಸಿದವರ ಫಲಕ. ಮಾವ ಕಲಿಸಿದ ಪದ್ಧತಿ ಏನೆಂದರೆ, ಯಾವ ಹೆಸರು ಅಳಿಸಿದರೂ ಅದನ್ನು ಅದೇ ದಿನ, ಸೂರ್ಯ ಮುಳುಗುವುದರೊಳಗೆ, ಆ ಹಲಗೆಯ ಮೇಲೆ ಸಣ್ಣದಾಗಿ ಕೊರೆದಿಡಬೇಕು. "ಇದ್ದ ಮನೆ ಬಿಡಿಸಿದ ಮೇಲೆ ಇನ್ನೊಂದು ಮನೆ ತೋರಿಸಬೇಕೋ ಬೇಡವೋ? ಇಲ್ಲದಿದ್ದರೆ ಹೆಸರು ಬೀದಿ ಪಾಲಾಗುತ್ತೆ" ಅನ್ನುತ್ತಿದ್ದ. ಹೆಸರು ಮುಗಿದ ಮೇಲೆ ಒಂದು ಚುಕ್ಕೆ ಇಡಬೇಕು, ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಉಳಿಯಣ್ಣನ ಉಳಿಯ ಮೊನೆ ಒಂದು ಕಡೆ ಮುರಿದಿತ್ತು. ಅದಕ್ಕೆ ಅವನ ಚುಕ್ಕೆ ದುಂಡಗೆ ಬೀಳದೆ ಮೂರು ಮೂಲೆಯಾಗಿ ಬೀಳುತ್ತಿತ್ತು. ಊರಲ್ಲಿ ಆ ಚುಕ್ಕೆ ಕಂಡರೆ ಸಾಕು, ಕೆಲಸ ಯಾರದು ಅಂತ ಗೊತ್ತಾಗುತ್ತಿತ್ತು.

ಆ ದಿನ ಮಧ್ಯಾಹ್ನ ಕ್ಯಾಪ್ಟನ್ ಬಂದು ಅಂಗಡಿಯ ಬಾಗಿಲನ್ನು ತಾನೇ ಅರ್ಧ ಎಳೆದುಕೊಂಡ. ಜೇಬಿನಿಂದ ಒಂದು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಕೆಂಪು ಮಖಮಲ್ಲಿನ ಮೇಲೆ ಒಂದು ಪದಕ. ಶೌರ್ಯದ ಪದಕ.

"ಅಂಚು ನೋಡು."

ಉಳಿಯಣ್ಣ ಭೂತಗನ್ನಡಿ ಹಿಡಿದು ನೋಡಿದ. ದೊಡ್ಡವನ ಹೆಸರು. ಪಕ್ಕದಲ್ಲಿ ನಾಲ್ಕು, ಒಂದು, ಏಳು, ಏಳು, ಎರಡು.

"ಅದನ್ನ ತೆಗೆದು ನಂದು ಹಾಕು."

"ಇದು... ದೊಡ್ಡವರದಲ್ವಾ? ಅವರು ಓಡಿಹೋದ್ರು ಅಂತ..."

"ನಿನಗೆ ಕೊಟ್ಟದ್ದು ಕೊರೆಯೋಕೆ, ಕೆದಕೋಕೆ ಅಲ್ಲ. ಮೂರು ವಾರಕ್ಕೆ ಸಂಘದ ವಾರ್ಷಿಕೋತ್ಸವ. ದೊಡ್ಡ ಅಧಿಕಾರಿ ಬರ್ತಾರೆ. ಹಾಕ್ಕೋಬೇಕು ನಾನು."

"ಇಷ್ಟು ವರ್ಷ ಯಾಕೆ ಹಾಕ್ಕೊಂಡಿಲ್ಲ ಅಂತ ಕೇಳಿದ್ರೆ?"

"ಅಣ್ಣನ ಅವಮಾನಕ್ಕೆ ಪೆಟ್ಟಿಗೇಲಿಟ್ಟಿದ್ದೆ ಅಂತೀನಿ." ಕ್ಯಾಪ್ಟನ್ ನಕ್ಕ. "ನಿನ್ನ ಅಂಗಡಿ ಯಾರ ಮೆಟ್ಟಿಲ ಕೆಳಗಿದೆ?"

"ನಿಮ್ಮದೇ."

"ಮತ್ತೆ? ಇನ್ನೊಂದು ಮಾತು. ಆ ನಿಮ್ಮ ಮಾವನ ಹಲಗೆ ಮೇಲೆ ಈ ಹೆಸರು ಏರಕೂಡದು. ಯಾರ ಕಣ್ಣಿಗೂ ಬೀಳಬಾರದು."

ಉಳಿಯಣ್ಣನಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕ್ಯಾಪ್ಟನ್ ಹೋದ ಮೇಲೆ ಪದಕ ತೆಗೆಯಲು ಮಖಮಲ್ಲು ಎತ್ತಿದ. ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಸೈನ್ಯದವರು ಪದಕದ ಜೊತೆಗೇ ಮನೆಗೆ ಕಳಿಸಿದ್ದು. ಮೂವತ್ತು ವರ್ಷ ಬಚ್ಚಿಟ್ಟವನು ಒಂದು ಸಲವೂ ಮಖಮಲ್ಲು ಎತ್ತಿ ನೋಡಿರಲಿಲ್ಲ. ಕದ್ದವನಿಗೆ ಮಾಲಿನ ಮೇಲೆ ಅಷ್ಟೇ ಅಕ್ಕರೆ.

ಕಾಗದದಲ್ಲಿ ಬರೆದಿತ್ತು. ತೊಡೆಗೆ ಗುಂಡು ಬಿದ್ದ ತಮ್ಮನನ್ನು ಬೆನ್ನ ಮೇಲೆ ಹೊತ್ತು, ಗುಂಡಿನ ಮಳೆಯಲ್ಲಿ ಮುನ್ನೂರು ಗಜ ನಡೆದು, ಸುರಕ್ಷಿತ ಜಾಗಕ್ಕೆ ತಂದು ಮಲಗಿಸಿ, ಉಳಿದ ಗಾಯಾಳುಗಳನ್ನು ತರಲು ಮತ್ತೆ ಹೋದವನು ಹಿಂದಿರುಗಲಿಲ್ಲ.

ಉಳಿಯಣ್ಣ ಎರಡು ಸಲ ಓದಿದ. ಮಡಿಚಿದ. ಮೇಜಿನ ಖಾನೆಯಲ್ಲಿ ಉಳಿಗಳ ಕೆಳಗೆ ತಳ್ಳಿದ. ಆಮೇಲೆ ಅರ ಎತ್ತಿಕೊಂಡ.

ಇಲ್ಲಿಗೆ ಬಂದಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಓದದೆ ಮಾಡಿದ್ದರೆ ಬೇರೆ ಮಾತು. ಓದಿ ಮಾಡಿದ! ಸರ್ರ್... ಸರ್ರ್... ಅಂತ ಅರ ಆಡಿತು. ಒಂದೊಂದೇ ಅಕ್ಷರ ಪುಡಿಯಾಗಿ ಅವನ ಮಡಿಲಿಗೆ ಬಿತ್ತು. ಪಾಲಿಶ್ ಹಾಕಿ ತಮ್ಮನ ಹೆಸರು ಕೊರೆದ. ಮೂರು ಮೂಲೆಯ ಚುಕ್ಕೆ ಇಟ್ಟ. ಹೊರಗೆ ಬೆಳಕು ಹೋಗಿತ್ತು. ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ಆ ರಾತ್ರಿಯೇ ಬಾವಿಯ ಹತ್ತಿರ ಆದದ್ದು.

ಆಮೇಲೆ ಹಗಲಲ್ಲೂ ಶುರುವಾಯಿತು. ನಾಲ್ಕನೇ ದಿನ ಶಾಲೆಯ ಹೆಡ್‌ಮಾಸ್ಟರು ಒಂದು ಕಪ್ಪು ಹಿಡಿದು ಸಿಡಿಮಿಡಿಗುಟ್ಟುತ್ತ ಬಂದರು.

"ಏನಯ್ಯಾ ಇದು? ಓಟದಲ್ಲಿ ಗೆದ್ದದ್ದು ನಮ್ಮ ಹುಡುಗಿ. ಓಡಿಹೋದವನ ಹೆಸರು ಯಾಕೆ ಹಾಕಿದೀಯ? ತಮಾಷೆನಾ?"

ಉಳಿಯಣ್ಣ ನೋಡಿದ. ಕೊರೆಯುವಾಗ ಹುಡುಗಿಯ ಹೆಸರೇ ಕೊರೆದಿದ್ದ, ಭೂತಗನ್ನಡಿಯಲ್ಲಿ ನೋಡಿಯೇ ಕೊಟ್ಟಿದ್ದ. ಈಗ ಅಲ್ಲಿ ದೊಡ್ಡವನ ಹೆಸರು, ಐದು ಅಂಕಿ, ಕೊನೆಗೆ ತನ್ನದೇ ಚುಕ್ಕೆ. ಮರುದಿನ ದಂತವೈದ್ಯರ ಬಾಗಿಲ ಫಲಕ ವಾಪಸ್ ಬಂತು. ಅದರ ಮರುದಿನ ಒಂದು ಕೈಗಡಿಯಾರ. ಎಲ್ಲದರ ಮೇಲೂ ಅದೇ ಹೆಸರು. ಎಂಟು ದಿನದಲ್ಲಿ ಅಂಗಡಿಗೆ ಬರುವವರೇ ಇಲ್ಲ.

ಬಂದವನು ಕ್ಯಾಪ್ಟನ್ ಒಬ್ಬನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ, ಸುದ್ದಿ ಕಿವಿಗೆ ಬಿದ್ದೊಡನೆ ಕುಂಟುತ್ತ ಇಳಿದು ಬಂದ.

"ಏನೋ, ಊರಿಗೆಲ್ಲ ಸಾರ್ತಾ ಇದೀಯಾ?"

"ನಾನಲ್ಲ ಸಾರ್... ತಾನೇ ತಾನಾಗಿ..."

"ಇನ್ನೊಂದ್ಸಲ ಆ ಹೆಸರು ಕಂಡ್ರೆ ಕೈ ಮುರಿಸ್ತೀನಿ. ಸತ್ತವನು ನನಗೆ ಏನೂ ಮಾಡಲಿಲ್ಲ, ನೀನೇನು ಮಾಡ್ತೀಯ!"

ಸತ್ತವನು ಅಂದ. ಓಡಿಹೋದವನು ಅನ್ನಲಿಲ್ಲ. ಮೂವತ್ತು ವರ್ಷದಲ್ಲಿ ಅದೇ ಮೊದಲ ಸಲ ಅವನ ಬಾಯಿ ತಪ್ಪಿದ್ದು.

ಅವತ್ತು ಉಳಿಯಣ್ಣ ಬಾಗಿಲು ಹಾಕಿಕೊಂಡು ಹಲಗೆಯ ಮುಂದೆ ಕೂತ. ಆದದ್ದಾಗಲಿ, ಕೊರೆದುಬಿಡುತ್ತೇನೆ ಅಂದುಕೊಂಡ. ಉಳಿ ಊರಿದ. ಜಾರಿತು. ಮತ್ತೆ ಊರಿದ, ಮೈಭಾರ ಹಾಕಿ ಒತ್ತಿದ. ಗಾಜಿನ ಮೇಲೆ ಉಗುರು ಎಳೆದ ಹಾಗೆ ಕೀಚ್ ಅಂತ ಜಾರಿತು. ಒಂದು ಗೆರೆ ಮೂಡಲಿಲ್ಲ. ಹಿತ್ತಾಳೆ ರೀ, ಬೆಣ್ಣೆಯಂಥ ಹಿತ್ತಾಳೆ! ಅವನು ಕೂತಲ್ಲೇ ಅತ್ತ. ಅವನಿಗೆ ಇದ್ದದ್ದು ಆ ಕೈಯೊಂದೇ. ಹೆಂಡತಿ ಮಕ್ಕಳ ಹೊಟ್ಟೆ ಅದರ ಮೇಲೆ ನಿಂತಿತ್ತು.

ಅಕ್ಕನ ಹತ್ತಿರ ಹೋಗಿ ಕಾಗದ ಕೊಟ್ಟು ಕಾಲು ಹಿಡಿಯಬೇಕು ಅಂತ ಎರಡು ಸಲ ಹೊರಟ. ಎರಡು ಸಲವೂ ಕ್ಯಾಪ್ಟನ್ ಮನೆಯ ಗೇಟಿನ ತನಕ ಹೋಗಿ ಹಿಂದೆ ಬಂದ. ಹೇಡಿ. ನಮ್ಮ ಚಿಕ್ಕಪ್ಪನ ಮಗನಾದರೇನು, ಹೇಡಿಯನ್ನು ಹೇಡಿ ಅಂತಲೇ ಹೇಳಬೇಕು.

ಬೂಟಿನ ಸದ್ದು ಮಾತ್ರ ಒಂದು ರಾತ್ರಿಯೂ ತಪ್ಪಲಿಲ್ಲ. ವಾರ್ಷಿಕೋತ್ಸವದ ಹಿಂದಿನ ರಾತ್ರಿ ಅವನು ಓಡಲಿಲ್ಲ. ಬಾವಿಯ ಕಟ್ಟೆಯ ಹತ್ತಿರ ನಿಂತುಬಿಟ್ಟ. ಟಕ್... ಟಕ್-ಕಿಣ್. ಪಕ್ಕಕ್ಕೆ ಬಂದು ನಿಂತಿತು. ಹಸಿ ಮಣ್ಣಿನ ವಾಸನೆ, ಸುಟ್ಟ ಸಿಡಿಮದ್ದಿನ ವಾಸನೆ.

"ತಪ್ಪಾಯ್ತು ಅಣ್ಣಾ... ಹಲಗೆ ಮೇಲೆ ಹಾಕೋಣ ಅಂದ್ರೆ ಉಳಿ ಹಿಡೀತಿಲ್ಲ."

"ಹಲಗೆ ಬೇಡ."

"ಮತ್ತೆಲ್ಲಿ?"

"ಅವನಲ್ಲಿ."

"ನನ್ನಿಂದ ಆಗಲ್ಲ ಅಣ್ಣಾ... ಮನುಷ್ಯನ ಮೈಮೇಲೆ..."

"ನಾನು ಮಾಡ್ಕೋತೀನಿ. ಕೈ ಕೊಡು."

ಉಳಿಯಣ್ಣ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೇಳಿದ. "ವಾಪಸ್ ಕೊಡ್ತೀರಾ?"

ರಾಟೆ ತಿರುಗಿತು. ಕ್ರೀಂ...ಯ್ಕ್. ಈ ಸಲ ಪೂರ್ತಿ ಒಂದು ಸುತ್ತು.

ಉಳಿಯಣ್ಣ ಕಣ್ಣು ಮುಚ್ಚಿ ಬಲಗೈಯನ್ನು ಕಟ್ಟೆಯ ಮೇಲಿಟ್ಟ. ಅದರ ಮೇಲೆ ಇನ್ನೊಂದು ಕೈ ಕೂತಿತು. ಭಾರವಾದ, ಒದ್ದೆಯಾದ ಕೈ. ಆಮೇಲೆ ಅವನಿಗೆ ಮಣಿಕಟ್ಟಿನಿಂದ ಕೆಳಗೆ ಏನೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಹೆಂಡತಿ ಮುಟ್ಟಿ ನೋಡಿ ಬೆಚ್ಚಿದಳು. "ಇದೇನ್ರೀ, ಕೈ ಇಷ್ಟು ತಣ್ಣಗೆ?"

"ಅದು ಇವತ್ತು ನಂದಲ್ಲ" ಅಂದ. ಅವಳು ಬೈದಳು. ಅವನು ಕೈಯನ್ನು ಕೋಟಿನ ಜೇಬಿಗೆ ಸೇರಿಸಿಕೊಂಡು ಸಭೆಗೆ ಹೋದ. ಹೋಗದಿದ್ದರೆ ಕ್ಯಾಪ್ಟನ್ ಅನುಮಾನ ಪಡುತ್ತಾನಲ್ಲ. ಅವತ್ತು ನಾನೂ ಅವನ ಪಕ್ಕದಲ್ಲೇ ಕೂತಿದ್ದೆ. ಇಲ್ಲಿಂದ ಮುಂದಿನದಕ್ಕೆ ನಾನೇ ಸಾಕ್ಷಿ.

ಸಂಘದ ಹಾಲಿನಲ್ಲಿ ಜನ ತುಂಬಿದ್ದರು. ಬಿಳಿ ಮೇಜುಬಟ್ಟೆ, ಗರಿಗರಿ ಇಸ್ತ್ರಿ. ಅದನ್ನು ಮಾಡಿದವಳು ಹಿಂದಿನ ಬಾಗಿಲ ಹತ್ತಿರ ನಿಂತಿದ್ದಳು, ಕೂರಲು ಯಾರೂ ಹೇಳಿರಲಿಲ್ಲ. ಕ್ಯಾಪ್ಟನ್ ಎದೆಯ ಮೇಲೆ ಪದಕ ಹೊಳೆಯುತ್ತಿತ್ತು. ದೊಡ್ಡ ಅಧಿಕಾರಿ ಅಂಚನ್ನು ಓದಿ ನೋಡಿ ಕೈ ಕುಲುಕಿದರು. ಕ್ಯಾಪ್ಟನ್ ಮೈಕಿನ ಮುಂದೆ ನಿಂತ.

"ಆ ದಿನ ನಾನೊಬ್ಬನೇ ಇದ್ದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಒಡಹುಟ್ಟಿದವನೂ ನನ್ನನ್ನ ಬಿಟ್ಟು..."

ಕಿರ್.

ಮೈಕಿನಲ್ಲಿ ಬಂತು. ಮೈಕಿನವನು ವೈರು ಅಲ್ಲಾಡಿಸಿದ.

"...ನನ್ನನ್ನ ಬಿಟ್ಟು ಓಡಿ..."

ಕಿರ್... ಕಿರ್... ಕಿರ್.

ಉಕ್ಕಿನ ಮೇಲೆ ಉಳಿ ನಡೆಯುವ ಸದ್ದು. ನಾನು ಆ ಸದ್ದು ಕೇಳುತ್ತಲೇ ಬೆಳೆದವನು, ತಪ್ಪುವುದಿಲ್ಲ. ಪಕ್ಕಕ್ಕೆ ನೋಡಿದೆ. ಉಳಿಯಣ್ಣನ ಮುಖದಲ್ಲಿ ರಕ್ತವಿಲ್ಲ. ಕೋಟಿನ ಜೇಬೊಳಗೆ ಅವನ ಕೈ ಆಡುತ್ತಿತ್ತು. ಒತ್ತುತ್ತಿತ್ತು, ಎಳೆಯುತ್ತಿತ್ತು, ತಿರುವುತ್ತಿತ್ತು. ಎಡಗೈಯಿಂದ ಅದುಮಿ ಹಿಡಿದರೂ ನಿಲ್ಲಲಿಲ್ಲ.

ಕ್ಯಾಪ್ಟನ್ ತೊಡೆ ಹಿಡಿದುಕೊಂಡ. ಹಣೆಯಲ್ಲಿ ಬೆವರು. "ಯಾರದು... ಒಳಗೆ ಯಾರದು..." ಅಂದದ್ದು ಮೈಕಿನಲ್ಲಿ ಇಡೀ ಹಾಲಿಗೆ ಕೇಳಿಸಿತು. ಮೊದಲು ಅಕ್ಷರಗಳು ಆದವು. ಆಮೇಲೆ ಅಂಕಿಗಳು. ಉಳಿಯಣ್ಣ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ, ಅಳುವ ದನಿಯಲ್ಲಿ. "ನಾಲ್ಕು... ಒಂದು... ಏಳು..."

"ಬೇಡ ಅಣ್ಣಾ!" ಕ್ಯಾಪ್ಟನ್ ಕೂಗಿದ. "ನೀನು ಹೊತ್ತು ತಂದೆ ಅಂತ ಹೇಳ್ತೀನಿ! ಹೇಳ್ತೀನಿ ಅಣ್ಣಾ, ಸಾಕು!"

"ಏಳು... ಎರಡು."

ಕೈ ಒಂದು ಕ್ಷಣ ನಿಂತಿತು. ಆಮೇಲೆ ಮೊನೆ ಊರಿ ತಿರುವಿತು. ಚುಕ್ಕೆ.

ಕ್ಯಾಪ್ಟನ್ ಮೇಜುಬಟ್ಟೆಯನ್ನು ಎಳೆದುಕೊಂಡೇ ಬಿದ್ದ. ಅವನನ್ನು ಎತ್ತುವಷ್ಟರಲ್ಲಿ ಹೋಗಿಬಿಟ್ಟಿದ್ದ. ಎಲ್ಲರೂ ಓಡಾಡುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ಅಕ್ಕ ಕದಲದೆ ನಿಂತಿದ್ದಳು. ಕೈಯಲ್ಲಿ ಮಡಿಸಿದ ಬಟ್ಟೆ ಹಾಗೇ ಇತ್ತು.

ಮಾರನೆಯ ದಿನ ವಿದ್ಯುತ್ ಚಿತಾಗಾರಕ್ಕೆ ಹೋದವರು ನಾವು ಮೂವರೇ, ಅಕ್ಕ, ಉಳಿಯಣ್ಣ, ನಾನು. ಮೈಕಿನಲ್ಲಿ ಅಂಥ ಮಾತು ಆಡಿ ಸತ್ತವನ ಹಿಂದೆ ಯಾರು ಬರುತ್ತಾರೆ? ಒಳಗೆ ಹೆಣ ಉರಿಯುತ್ತಿದ್ದಾಗ ಹೊರಗಿನ ಬೆಂಚಿನ ಮೇಲೆ ಉಳಿಯಣ್ಣ ಕೊನೆಗೂ ಆ ಕಾಗದ ತೆಗೆದ. ಓದಿ ಹೇಳಿದ.

ಅಕ್ಕ ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು. "ನನ್ನ ಕೈಗೆ ಮೂವತ್ತು ವರ್ಷ ಇದು ಬರಲಿಲ್ಲ, ಬಂದಿದ್ರೂ ಓದೋಕೆ ಬರ್ತಿರಲಿಲ್ಲ. ನಿಂಗೆ ಓದೋಕೆ ಬಂತು. ಮೂರು ವಾರ ಬಾಯಿ ಬರಲಿಲ್ಲ."

"ಅಕ್ಕಾ... ಆ ಪದಕ ಕೊಡಿ. ಮತ್ತೆ ಅಣ್ಣನ ಹೆಸರೇ ಕೊರೆದುಕೊಡ್ತೀನಿ."

"ಬೇಡ. ಕದ್ದ ಮಾಲಿನ ಮೇಲೆ ಕಳ್ಳನ ಹೆಸರೇ ಇರಲಿ. ಹಾಲಿನ ಗೋಡೆ ಮೇಲೆ ನೇತುಹಾಕ್ತೀನಿ, ಪಕ್ಕದಲ್ಲಿ ಈ ಕಾಗದ. ಬಂದವರೆಲ್ಲ ಎರಡೂ ಓದ್ಲಿ." ಕಾಗದ ಇಸಿದುಕೊಂಡು ಮಡಿಸುತ್ತ ಅಂದಳು, "ನಂಗೆ ಸಂತೋಷ ಆಯ್ತು ಕಣೋ. ಸುಳ್ಳು ಯಾಕೆ ಹೇಳ್ಲಿ, ಹೊಟ್ಟೆ ತಣ್ಣಗಾಯ್ತು."

ಹೇಳಿದ ಹಾಗೆಯೇ ಮಾಡಿದಳು. ಎಕ್ಸ್‌ರೇ ಚಿತ್ರ ಇಳಿಸಿ ಅದೇ ಮೊಳೆಗೆ ಪದಕ ನೇತುಹಾಕಿದಳು. ಉಳಿಯಣ್ಣನ ಕೈ ವಾಪಸ್ ಬಂತು, ಅಂಗಡಿಗೆ ಜನವೂ ಬಂದರು. ಯಾರ ಹೆಸರು ಕೊಟ್ಟರೂ ಮೊದಲಿನ ಹಾಗೇ ಕೊರೆಯುತ್ತಿದ್ದ. ತನ್ನ ಸ್ವಂತ ಹೆಸರೊಂದನ್ನು ಮಾತ್ರ ಆ ಕೈ ಬರೆಯಲಿಲ್ಲ. ಊರಿಗೆಲ್ಲ ಅಕ್ಷರ ಕೊರೆದವನು ಸಾಯುವ ತನಕ ಕಾಗದಪತ್ರಕ್ಕೆ ಹೆಬ್ಬೆಟ್ಟು ಒತ್ತಿದ. ನೀವು ಹೋಗಿ ಅವನ ಮನೆಯ ಪತ್ರ ನೋಡಬಹುದು.

ಇನ್ನೊಂದು ಹೇಳುವುದು ಉಳಿಯಿತು. ಅವತ್ತು ಉರಿ ಆರಿದ ಮೇಲೆ ಚಿತಾಗಾರದ ಕೆಲಸದವನು ಇಕ್ಕಳದಲ್ಲಿ ಏನನ್ನೋ ಹಿಡಿದು ಹೊರಗೆ ತಂದ.

"ಇದು ಉರಿಯಲ್ಲ. ಮನೆಯವರು ತಗೊಂಡು ಹೋಗಿ."

ತೊಡೆಯೊಳಗಿದ್ದ ಉಕ್ಕಿನ ಪಟ್ಟಿ. ಅಕ್ಕನೇ ಕೈಚಾಚಿ ತೆಗೆದುಕೊಂಡಳು. ಹೆಬ್ಬೆರಳು ಅದರ ಮೇಲೆ ಓಡಾಡಿತು... ನಿಂತಿತು. ನನ್ನ ಕೈಗೆ ಕೊಟ್ಟಳು. ಇನ್ನೂ ಬೆಚ್ಚಗಿತ್ತು. ದೊಡ್ಡವನ ಹೆಸರು, ಐದು ಅಂಕಿ, ಮೂರು ಮೂಲೆಯ ಚುಕ್ಕೆ. ನಾನು ಓದಿ ನೋಡಿ ವಾಪಸ್ ಕೊಟ್ಟೆ. 'ಠಕ್' ಅಂತ ಅದನ್ನು ತಾನು ಮನೆಯಿಂದ ತಂದಿದ್ದ ಗಂಡನ ಊಟದ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು.

ಯಾರೋ ಮೊದಲೇ ಕೊರೆದು ಒಳಗೆ ಇಟ್ಟಿದ್ದಾರು ಅಂತ ನೀವು ಅನ್ನಬಹುದು. ಅವತ್ತು ಪಟ್ಟಿ ಇಟ್ಟು ತಿರುಪು ಹಾಕಿದ ಡಾಕ್ಟರನ್ನೂ ನಾನು ಹೋಗಿ ಕೇಳಿ ಬಂದಿದ್ದೇನೆ, ಪಟ್ಟಿ ಬೋಳಾಗಿತ್ತು ಅಂದರು. ಕಂಡದ್ದನ್ನು ಹೇಳುತ್ತೇನೆ, ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆರು ತಿರುಪೂ ಬಿಗಿಯಾಗಿಯೇ ಇದ್ದವು. ತಿರುಪಿನ ತಲೆಗಳಿದ್ದ ಮೇಲಿನ ಮಗ್ಗುಲು ನುಣ್ಣಗಿತ್ತು, ಒಂದು ಗೀಟೂ ಇರಲಿಲ್ಲ. ಹೆಸರು ಇದ್ದದ್ದು ತಿರುಪಿನ ಮೊನೆಗಳಿದ್ದ ಮಗ್ಗುಲಲ್ಲಿ... ಮೂಳೆಗೆ ಅಂಟಿಕೊಂಡಿದ್ದ ಕಡೆ.